ಸಹಿ ಹಾಕುವ ಮೊದಲು ಫೈವ್ ಗಾರ್ಡನ್ಸ್‌ಗೆ ಒಂದು ಸುತ್ತು ಹಾಕು

ಡೊಂಬಿವಲಿ

ಚಿ. ಸೌ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮುಂಬಯಿಯ ಮಾಟುಂಗಾದಲ್ಲಿರುವ ನಮ್ಮ ಹಳೇ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುವ ಬಗ್ಗೆ ನೀನು ಕಳಿಸಿದ ಬಿಲ್ಡರನ ಕಾಗದಗಳನ್ನು ಓದಿದೆ. ವಾಟ್ಸಾಪ್‌ನಲ್ಲಿ ಎರಡು ಸಾಲು ಬರೆದು ಮುಗಿಸಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಒಂದು, "ಎಲ್ಲರೂ ಬೇಗ ಸಹಿ ಹಾಕಿದರೆ ಮುಗೀತು, ಈ ಮುದುಕರು ಸುಮ್ನೆ ಎಳೆಯುತ್ತಿದ್ದಾರೆ" ಅಂತ. ಇನ್ನೊಂದು, "ಮಾಟುಂಗಾದಲ್ಲಿ ನಮ್ಮವರು ಯಾರಿದ್ದಾರೆ ಈಗ? ಎಲ್ಲಾ ಗುಜರಾತಿಗಳದ್ದೇ ಆಗಿದೆ" ಅಂತ. ಸಹಿಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಈ "ನಮ್ಮವರು" ಯಾರು ಅಂತ ನೋಡೋಣ ಮಾರಾಯ್ತಿ.

ನೀನು ಬೆಳಿಗ್ಗೆ ವಾಕಿಂಗ್ ಹೋಗುವ ಫೈವ್ ಗಾರ್ಡನ್ಸ್, ಆ ಐದು ತೋಟಗಳ ಜಾಗ, ನೂರಿಪ್ಪತ್ತೈದು ವರ್ಷದ ಹಿಂದೆ ಗದ್ದೆ, ತಗ್ಗು ನೆಲ, ಅಲ್ಲೊಂದು ಇಲ್ಲೊಂದು ಹಳ್ಳಿ. ಅದಕ್ಕೂ ಮೊದಲು ಬ್ರಿಟಿಷರ ಫಿರಂಗಿ ಪಡೆಯ ಠಾಣೆ ಮಾಟುಂಗಾದಲ್ಲಿ ಇತ್ತು, 1835ರ ಹೊತ್ತಿಗೆ ಅದೂ ಹೋಯಿತು. ವಡಾಲಾ ಕಡೆ ಉಪ್ಪಿನಗದ್ದೆ. ಊರು ಅನ್ನುವುದು ದಕ್ಷಿಣಕ್ಕೆ ಇತ್ತು, ಫೋರ್ಟು, ಮಾಂಡವಿ, ಗಿರಗಾಂವ್ ಕಡೆ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ, ಅಂದರೆ ಒಂದೊಂದೇ ಕೋಣೆಯ ಸಾಲುಮನೆಗಳಲ್ಲಿ, ಜನ ಸತ್ತರು. ಉಳಿದವರು ಸಿಕ್ಕ ಸಿಕ್ಕ ಗಾಡಿ ಹತ್ತಿ ಊರು ಬಿಟ್ಟರು. ಆಗ ಸರಕಾರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಅಂತ ಒಂದನ್ನು ಕಟ್ಟಿತು. ಹಳೇ ಊರನ್ನು ಸೀಳಿ ಅಗಲ ರಸ್ತೆ ಮಾಡುವುದು, ಉತ್ತರದ ಖಾಲಿ ನೆಲದಲ್ಲಿ ಹೊಸ ವಸತಿ ಎಬ್ಬಿಸುವುದು ಅದರ ಕೆಲಸ. ದಾದರ್, ಮಾಟುಂಗಾ, ವಡಾಲಾ, ಸಯನ್ ಸೇರಿಸಿ ಮೊದಲ ಬಾರಿಗೆ ಕಾಗದದ ಮೇಲೆ ಗೆರೆ ಎಳೆದು ಉಪನಗರ ಕಟ್ಟಿದರು. ಇಷ್ಟು ಅಗಲದ ರಸ್ತೆ, ರಸ್ತೆಗೆ ಇಷ್ಟು ಮರ, ಬಿಲ್ಡಿಂಗ್ ಸುತ್ತ ಇಷ್ಟು ಜಾಗ ಬಿಡಬೇಕು, ನಡುವೆ ತೋಟ. ಆ ತೋಟಗಳನ್ನು ಚಂದಕ್ಕೆ ಮಾಡಿದ್ದಲ್ಲ. ರೋಗಕ್ಕೆ ಹೆದರಿ ಮಾಡಿದ್ದು.

ಅಲ್ಲಿ ಗದ್ದೆ ಉಳುತ್ತಿದ್ದವರು ಎಲ್ಲಿ ಹೋದರು ಅಂತ ಯಾವ ಬೋರ್ಡಿನ ಮೇಲೂ ಬರೆದಿಲ್ಲ. ಆ ಪೇಟೆಯಲ್ಲಿ ಯಾರಾದರೂ ಮೂಲದವರು ಅಂದರೆ ಅವರೇ. ಆಮೇಲೆ ಬಂದವರೆಲ್ಲ, ನಾವೂ ಸೇರಿ, ಪ್ಲಾಟಿಗೆ ಬಂದವರು.

ಪಾರ್ಸಿ ಕಾಲೊನಿಯ ಕಥೆ ನಿನಗೆ ಅರ್ಧ ಗೊತ್ತು. ಟ್ರಸ್ಟಿನಲ್ಲೇ ಕೆಲಸಕ್ಕಿದ್ದ ಮಂಚೇರ್ಜಿ ಜೋಶಿ ಎಂಬ ಇಂಜಿನಿಯರು ಮೇಲಿನವರನ್ನು ಒಪ್ಪಿಸಿ 103 ಪ್ಲಾಟುಗಳನ್ನು ಪಾರ್ಸಿಗಳಿಗೆ ಅಂತ ತೆಗೆದಿರಿಸಿದರು. 999 ವರ್ಷದ ಲೀಸು. ದೊಡ್ಡ ಸೇಠುಗಳಿಗಲ್ಲ, ಗುಮಾಸ್ತರಿಗೆ, ಸಣ್ಣ ಸಂಬಳದವರಿಗೆ. ಬಿಲ್ಡಿಂಗು ನೆಲದ ಮೇಲೆ ಎರಡು ಮಹಡಿ, ಅಷ್ಟೇ. ಬೀದಿಗೊಂದು ಜಾತಿಯ ಮರ ನೆಡಿಸಿದರು. ಫೈವ್ ಗಾರ್ಡನ್ಸ್‌ಗೆ ಸರಕಾರಿ ಹೆಸರು ಇವತ್ತಿಗೂ ಅವರದ್ದೇ. ಆಟೋದವನಿಗೆ ಆ ಹೆಸರು ಹೇಳಿದರೆ ಮಾತ್ರ ನಿನ್ನ ಮುಖ ನೋಡುತ್ತಾನೆ. ಆ ಪಾರ್ಸಿಗಳೇ ಈಗ ಎಷ್ಟಿದ್ದಾರೆ? 2001ರ ಗಣತಿಯಲ್ಲಿ ಇಡೀ ದೇಶದಲ್ಲಿ 69,601 ಮಂದಿ, 2011ರಲ್ಲಿ 57,264. ಒಂದು ದಶಕದಲ್ಲಿ ಹನ್ನೆರಡು ಸಾವಿರ ಕಮ್ಮಿ. ಅವರ ಬಾಲ್ಕನಿಗಳಲ್ಲಿ ಒಬ್ಬೊಬ್ಬರೇ ಕೂತ ಮುದುಕರನ್ನು ನೀನು ನೋಡಿದ್ದೀ. ಅವರು ಯಾರನ್ನು ದೂರಬೇಕು, ಹೇಳು? ಆದರೂ ಮರ ನೋಡಿಕೊಳ್ಳುವುದನ್ನು ಬಿಟ್ಟಿಲ್ಲ.

ನಮ್ಮ ಕಡೆ, ಅಂದರೆ ಮಾಟುಂಗಾದ ಮಗ್ಗುಲಿಗೆ, ಮೊದಲು ಬಂದವರು ತಮಿಳರು. ರೈಲ್ವೆ, ಬ್ಯಾಂಕು, ಕಂಪನಿ ಆಫೀಸುಗಳ ಟೈಪಿಸ್ಟರು, ಅಕೌಂಟೆಂಟರು. 1920, 30ರ ದಶಕದ ಮಾತು. ಚಾಳಿನಲ್ಲಿ ಹತ್ತು ಮನೆಗೆ ಒಂದು ಕಕ್ಕಸು ಇದ್ದ ಕಾಲದಲ್ಲಿ ಇಲ್ಲಿ ಮನೆಯೊಳಗೇ ಅಡಿಗೆಮನೆ, ಬಚ್ಚಲು, ಕಕ್ಕಸು. ಈಗ ನಮಗೆ ಇದೇನು ದೊಡ್ಡದು ಅನ್ನಿಸುತ್ತದೆ. ಆಗ ಕಕ್ಕಸು ಮನೆಯೊಳಗೆ ಬರುವುದು ಅಂದರೆ ಮಡಿಯವರಿಗೆ ಸಣ್ಣ ವಿಷಯವಲ್ಲ. ಅದಕ್ಕೆ ಏನು ಮಾಡಿದರು ಗೊತ್ತುಂಟಾ? ನಮ್ಮ ಬಿಲ್ಡಿಂಗಿನ ಹಿಂದೆ ಸುರುಳಿ ಸುರುಳಿಯಾಗಿ ಏರುವ ಕಬ್ಬಿಣದ ಮೆಟ್ಟಿಲಿದೆಯಲ್ಲ, ತುಕ್ಕು ಹಿಡಿದು ಒಣಗಿದ ತುಳಸಿ ಕುಂಡ ಇಡಲಿಕ್ಕೆ ಮಾತ್ರ ಆಗುವಂಥದ್ದು. ನೀನು ಸಣ್ಣವಳಿದ್ದಾಗ ಅದರ ಮೇಲೆ ಆಡಲು ಹೋಗಿ ಬೈಸಿಕೊಂಡಿದ್ದೀ. ಅದು ಬೆಂಕಿ ಬಿದ್ದರೆ ಇಳಿಯಲಿಕ್ಕೆ ಅಂತ ನಿನ್ನ ಅಪ್ಪ ಹೇಳುತ್ತಿದ್ದ. ಅಲ್ಲ. ಕಕ್ಕಸು ತೊಳೆಯುವವರು ಎದುರು ಬಾಗಿಲಿನಿಂದ ಒಳಗೆ ಬರಬಾರದು ಅಂತ ಅವರಿಗಾಗಿ ಮಾಡಿದ ದಾರಿ ಅದು. ಗಾಳಿ ಬೆಳಕಿಗೆ ಇಷ್ಟು ತಲೆ ಓಡಿಸಿದವರು ಇದಕ್ಕೂ ತಲೆ ಓಡಿಸಿದ್ದರು. ಅದೇ 1930ರ ದಶಕದಲ್ಲಿ, ರಸ್ತೆ ದಾಟಿದರೆ ಸಿಗುವ ಹಿಂದೂ ಕಾಲೊನಿಯಲ್ಲಿ, ಡಾ. ಅಂಬೇಡ್ಕರ್ ತಮ್ಮ ಪುಸ್ತಕಗಳಿಗೆ ಜಾಗ ಬೇಕು ಅಂತ ರಾಜಗೃಹ ಎಂಬ ಮನೆ ಕಟ್ಟಿಸಿದರು. ಆಗ ಕಿಂಗ್ಸ್‌ವೇ ಆಗಿದ್ದ ಆ ರಸ್ತೆಗೆ ಈಗ ಅವರದೇ ಹೆಸರು. ಹಳೇ ಮಾಟುಂಗಾ ಎಷ್ಟು ಚೆನ್ನಾಗಿತ್ತು ಅಂತ ಯಾರಾದರೂ ಕಣ್ಣೀರು ಹಾಕಿದರೆ ಆ ಮೆಟ್ಟಿಲನ್ನೂ ಒಮ್ಮೆ ತೋರಿಸು.

ಆಮೇಲೆ ನಾವು ಬಂದೆವು. ನಾವು ಅಂದರೆ ಉಡುಪಿ, ಕುಂದಾಪುರ, ಕಾರ್ಕಳ, ಮಂಗಳೂರಿನವರು. ಮನೆಯಲ್ಲಿ ತುಳು, ಕೊಂಕಣಿ, ಕುಂದಗನ್ನಡ. ಓದುವುದು, ಬರೆಯುವುದು ಕನ್ನಡ. ಹೋಟೆಲಿನ ಮಾಣಿಯಾಗಿ ಬಂದು ಹಗಲು ಗ್ಲಾಸು ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋದವರು ಎಷ್ಟೋ ಮಂದಿ. ಮೈಸೂರು ಕಡೆಯ ಇಂಜಿನಿಯರು, ಆಫೀಸರುಗಳು ಬೇರೆ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಭಾವುದಾಜಿ ರೋಡಿನಲ್ಲಿದೆ. ರೈಲು ಹಳಿಯ ಆಚೆ ಮಾಹಿಮ್ ಕಡೆ ಕರ್ನಾಟಕ ಸಂಘ, 1933ರದ್ದು. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆ ಹಾಕುತ್ತಿದೆ. ಕಿಂಗ್ಸ್ ಸರ್ಕಲಿನ ಜಿಎಸ್‌ಬಿ (ಗೌಡ ಸಾರಸ್ವತ ಬ್ರಾಹ್ಮಣರ) ಗಣಪತಿ 1955ರದ್ದು. ಇವತ್ತು ಅದರ ಬಂಗಾರದ ಲೆಕ್ಕ ಟಿವಿಯಲ್ಲಿ ಬರುತ್ತದೆ, ಇರಲಿ.

ನಮ್ಮನ್ನು ಆರತಿ ಎತ್ತಿ ಕರೆದರು ಅಂತ ತಿಳಿಯಬೇಡ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಕೆಲಸ ಕಸಿದರು ಅಂತ ಕೂಗು ಎದ್ದು ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಆಗ ನಮ್ಮ ಬೀದಿಯಲ್ಲಿ ಪಂಚೆ ಉಟ್ಟವರು ಪ್ಯಾಂಟು ಹಾಕಿಕೊಂಡು ಕೆಲಸಕ್ಕೆ ಹೋದರು. "ಇದೆಲ್ಲಾ ಅವರದ್ದೇ ಆಗಿದೆ" ಎಂಬ ಮಾತನ್ನು ಆಗ ನಮ್ಮ ಬಗ್ಗೆ ಹೇಳುತ್ತಿದ್ದರು ಪುಟ್ಟೀ. ಅದೇ ಮಾತು ನಿನ್ನ ಬಾಯಲ್ಲಿ ಬಂದಾಗ ನನಗೆ ಕಸಿವಿಸಿ ಆಯಿತು.

ಹಾಗಾದರೆ ನಾವು ಎಲ್ಲಿಗೆ ಹೋದೆವು? ಯಾರೂ ಓಡಿಸಲಿಲ್ಲ. ಲೆಕ್ಕ ಸರಳ. 1947ರ ಬಾಡಿಗೆ ಕಾನೂನಿನಿಂದ ಬಾಡಿಗೆ 1940ರ ಮಟ್ಟದಲ್ಲೇ ನಿಂತಿತು. ಬಾಡಿಗೆದಾರರಿಗೆ ಅನುಕೂಲ. ಮಾಲೀಕನಿಗೆ ಒಂದು ಕಿಟಕಿ ರಿಪೇರಿ ಮಾಡಿಸಲೂ ಮನಸ್ಸಿಲ್ಲ. ಹೊಸಬರು ಬರಬೇಕಾದರೆ ಪಗಡಿ, ಅಂದರೆ ಬಾಡಿಗೆ ಹಕ್ಕಿಗೆ ಅಂತ ಒಟ್ಟಿಗೆ ಒಂದು ದೊಡ್ಡ ಮೊತ್ತ, ಕೊಡಬೇಕು. ಅಣ್ಣತಮ್ಮಂದಿರು ದೊಡ್ಡವರಾದರು, ಮದುವೆಯಾಯಿತು, ಇರುವುದು ಎರಡು ಕೋಣೆ. ಪಗಡಿ ಮಾರಿದರೆ ಮಾಲೀಕನ ಪಾಲು ಕಳೆದು ಉಳಿದ ದುಡ್ಡಲ್ಲಿ ಡೊಂಬಿವಲಿ, ಮುಲುಂಡ್, ಬೊರಿವಲಿಯಲ್ಲಿ ಸ್ವಂತ ಫ್ಲ್ಯಾಟು ಬರುತ್ತದೆ. ನಾನೂ ಹಾಗೆ ಹೊರಗೆ ಬಂದವನು. ನಿನ್ನ ಅಪ್ಪ ಉಳಿದ. ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಕೊಲಾಬಾದಿಂದ ಮಾಹಿಮ್, ಸಯನ್‌ವರೆಗಿನ ಮುಂಬಯಿ ನಗರ ಜಿಲ್ಲೆಯಲ್ಲಿ 2001ರಲ್ಲಿ 33,38,031 ಜನ ಇದ್ದರು. 2011ಕ್ಕೆ 30,85,411. ಊರು ಬೆಳೆಯುತ್ತಿದೆ ಅಂತ ಎಲ್ಲರೂ ಬೊಬ್ಬೆ ಹೊಡೆಯುತ್ತಿದ್ದಾಗ ಹಳೇ ಊರಿನಲ್ಲಿ ಎರಡೂವರೆ ಲಕ್ಷ ಜನ ಕಮ್ಮಿಯಾಗಿದ್ದರು.

ನಾವು ಬಿಟ್ಟ ಮನೆಗಳಿಗೆ ಬಂದ ಕಚ್ಛಿ, ಗುಜರಾತಿ ಕುಟುಂಬಗಳಲ್ಲಿ ತುಂಬಾ ಮಂದಿ ಮಸೀದಿ ಬಂದರ್, ಮಾಂಡವಿಯ ಧಾನ್ಯದ ವ್ಯಾಪಾರದವರು. ಪ್ಲೇಗು ಶುರುವಾದದ್ದು ಅದೇ ಮಾಂಡವಿಯಲ್ಲಿ, ನೆನಪಿದೆಯಲ್ಲ? ಯಾವ ಇಕ್ಕಟ್ಟಿನ ಜನರನ್ನು ಹೊರಗೆ ತರಬೇಕು ಅಂತ ಟ್ರಸ್ಟು ಈ ಪೇಟೆ ಕಟ್ಟಿತೋ ಆ ಇಕ್ಕಟ್ಟಿನವರು ಬಂದು ಸೇರುವಷ್ಟರಲ್ಲಿ ಟ್ರಸ್ಟೇ ಇರಲಿಲ್ಲ. 1933ರಲ್ಲೇ ಅದು ಮುನಿಸಿಪಾಲಿಟಿಯಲ್ಲಿ ಸೇರಿಹೋಗಿತ್ತು. ಸರಕಾರದ ಪ್ಲಾನು ಫಲಿಸುವುದು ಇಷ್ಟು ನಿಧಾನ! ನಡುವೆ ಪಂಜಾಬಿಗಳು ಬಂದರು. ನಟ ಪೃಥ್ವಿರಾಜ್ ಕಪೂರ್, ಗಾಯಕ ಸೈಗಲ್ ಇದ್ದದ್ದು ಮಾಟುಂಗಾದಲ್ಲೇ. ದೇಶ ಒಡೆದ ಮೇಲೆ ನಿರಾಶ್ರಿತರು ಸಯನ್ ಕೋಳಿವಾಡಾದ ಬರಾಕುಗಳಿಗೆ ಬಂದರು.

ತೋಟ ನಮ್ಮ ನಾಲ್ಕು ಬೀದಿಯವರದ್ದು ಅಂತಲೂ ಅಂದುಕೊಳ್ಳಬೇಡ. ನಮ್ಮ ವಾರ್ಡು ಎಫ್ ನಾರ್ತ್. ಅದರಲ್ಲಿ 5 ಲಕ್ಷಕ್ಕೂ ಜಾಸ್ತಿ ಜನ. ದೊಡ್ಡ ಪಾಲು ವಡಾಲಾ, ಆಂಟಾಪ್ ಹಿಲ್ ಕಡೆಯ ಝೋಪಡಿಗಳಲ್ಲಿ. ಅಲ್ಲಿನ ಹುಡುಗರು ಭಾನುವಾರ ಬ್ಯಾಟು ಹಿಡಿದು ಬರುತ್ತಾರೆ ಅಂತ ನಿಮ್ಮ ಗ್ರೂಪಿನಲ್ಲಿ ಯಾರೋ ಗೊಣಗಿದ್ದನ್ನು ನೀನು ನನಗೆ ಕಳಿಸಿದ್ದೆ. ಬರಲಿ ಬಿಡು. ಇಡೀ ಮುಂಬಯಿಗೆ ತಲೆಗೆ ಒಂದು ಚದರ ಮೀಟರಿಗಿಂತ ತುಸು ಜಾಸ್ತಿ ಬಯಲು ಉಳಿದಿದೆ. ಅವರ ಪಾಲು ಎಲ್ಲಿದೆ ಅಂತ ಕೇಳಿದರೆ ತೋರಿಸಲಿಕ್ಕೆ ನಮಗೆ ಬೇರೆ ಜಾಗ ಇಲ್ಲ. ನಾಲ್ಕು ಹೆಜ್ಜೆ ಆಚೆ ಅಂಬೇಡ್ಕರ್ ರಸ್ತೆಯ ಫ್ಲೈಓವರ್ ಕೆಳಗೆ ನಾನಾಲಾಲ್ ಮೆಹ್ತಾ ಉದ್ಯಾನ ಉಂಟಲ್ಲ, ನರ್ಮದಾ ನದಿಯ ಹರಿವಿನ ಹಾಗೆ ಕಾಲುದಾರಿ ಮಾಡಿದ್ದು, ಅದು ಸುಮ್ನೆ ಆದದ್ದಲ್ಲ. ಪಾರ್ಕಿಂಗೋ ಕಸದ ಗುಂಡಿಯೋ ಆಗದಂತೆ ಅಲ್ಲಿನ ನಿವಾಸಿಗಳು ಕಾವಲು ಇಟ್ಟು, ಮುನಿಸಿಪಾಲಿಟಿಗೆ ಅಲೆದು ಮಾಡಿಸಿಕೊಂಡದ್ದು. ಅದರಲ್ಲಿ ನೀನು ಹೇಳುವ ಗುಜರಾತಿಗಳೂ ಇದ್ದರು.

ಈಗ ಸಹಿಯ ವಿಷಯ. ಹಾಕಬೇಡ ಅಂತ ನಾನು ಹೇಳುವುದಿಲ್ಲ. ಮಾಳಿಗೆ ಸೋರುತ್ತದೆ, ಕಂಬದ ಕಬ್ಬಿಣ ಹೊರಗೆ ಬಂದಿದೆ, ನಿನ್ನ ಅಮ್ಮನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಲಿಫ್ಟು ಬೇಕು. ಕಟ್ಟಡ ಬೀಳುವವರೆಗೆ ಹಳೇ ಕಾಲ ಚೆಂದ ಅಂತ ಕೂರುವುದು ಹುಚ್ಚು. ಆದರೆ ನೀವೆಲ್ಲ ಕಾರ್ಪೆಟ್ ಏರಿಯಾ (ಮನೆಯೊಳಗಿನ ಜಾಗ) ಎಷ್ಟು, ಕಾರ್ಪಸ್ (ಬಿಲ್ಡರ್ ಕೊಡುವ ಇಡುಗಂಟು) ಎಷ್ಟು ಎಂದು ಎರಡೇ ಪ್ರಶ್ನೆ ಕೇಳುತ್ತಿದ್ದೀರಿ. ಪ್ಲಾನಿನ ಹಾಳೆಯನ್ನು ನಾನು ದೊಡ್ಡದು ಮಾಡಿ ನೋಡಿದೆ. ಈಗ ಬಿಲ್ಡಿಂಗ್ ಸುತ್ತ ನಾಲ್ಕೂ ಕಡೆ ಮಣ್ಣಿದೆ, ಎದುರು ಎರಡು ದೊಡ್ಡ ಮರ. ಹೊಸ ಪ್ಲಾನಿನಲ್ಲಿ ಹಿಂದಿನ ಜಾಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಮರ ಇರುವಲ್ಲಿ ಕಾರಿನ ರ‍್ಯಾಂಪು. "ಗಾರ್ಡನ್" ಅಂತ ಹಸಿರು ಬಳಿದದ್ದು ಏಳನೇ ಮಹಡಿಯ ಪೋಡಿಯಂ ಮೇಲೆ, ಅಂದರೆ ಕಾರು ನಿಲ್ಲಿಸುವ ಮಹಡಿಗಳ ತಾರಸಿಯ ಮೇಲೆ. ಮುದುಕರು ಎಳೆಯುತ್ತಿದ್ದಾರೆ ಅಂದೆಯಲ್ಲ, ಅವರು ಕೇಳುತ್ತಿರುವುದು ಇದನ್ನೇ ಇರಬಹುದು. ಒಮ್ಮೆ ಅವರ ಮನೆಗೆ ಹೋಗಿ ಕೂತು ಕೇಳು, ಗ್ರೂಪಿನಲ್ಲಿ ಅಲ್ಲ. ನೂರರಲ್ಲಿ 51 ಮಂದಿ ಒಪ್ಪಿದರೆ ಈಗಿನ ನಿಯಮಕ್ಕೆ ಸಾಕು. ಹಾಗಂತ ಉಳಿದವರನ್ನು ತಳ್ಳಿಕೊಂಡು ಹೋದರೆ ನಾಳೆ ಅದೇ ಲಿಫ್ಟಿನಲ್ಲಿ ಅವರ ಜೊತೆ ಹತ್ತಬೇಕಾದವಳು ನೀನು.

ಸುತ್ತ ಎಷ್ಟು ಅಡಿ ಬಿಡುತ್ತಾನೆ ಅಂತ ಬರೆದು ಕೊಡಲಿ. ಯಾವ ಮರ ಉಳಿಯುತ್ತದೆ ಅಂತ ನಕ್ಷೆಯಲ್ಲೇ ಗುರುತು ಹಾಕಲಿ. ಬೇಸ್‌ಮೆಂಟ್ ಪಾರ್ಕಿಂಗಿಗೆ ಯಾರೂ ಒಪ್ಪಬೇಡಿ. ಗಾಂಧಿ ಮಾರ್ಕೆಟ್, ಕಿಂಗ್ಸ್ ಸರ್ಕಲಿನಲ್ಲಿ ಪ್ರತಿ ಮಳೆಗಾಲ ಮೊಣಕಾಲು ನೀರು ನಿಲ್ಲುವುದನ್ನು ನೋಡಿಯೂ ನೆಲ ಅಗೆದು ಕಾರು ಇಡುತ್ತೇನೆ ಅನ್ನುವವನಿಗೆ ಆ ತಗ್ಗು ನೆಲದ ಗುಣ ಗೊತ್ತಿಲ್ಲ ಅಂತ ಅರ್ಥ. ಮನೆ ಖಾಲಿ ಮಾಡುವ ಮೊದಲು ಹೊಸ ಮನೆಯ ಅಗ್ರಿಮೆಂಟು ರಿಜಿಸ್ಟರ್ ಆಗಿರಬೇಕು. ಕೆಲಸ ನಿಂತರೆ ಬಾಡಿಗೆ ಯಾರು ಕೊಡುತ್ತಾರೆ ಅಂತ ಅದರಲ್ಲೇ ಇರಬೇಕು, ಬ್ಯಾಂಕ್ ಗ್ಯಾರಂಟಿ ಸಮೇತ. ಅರ್ಧ ಎದ್ದು ನಿಂತ ಬಿಲ್ಡಿಂಗುಗಳ ಬಾಡಿಗೆದಾರರು ನಮ್ಮ ಡೊಂಬಿವಲಿಯಲ್ಲೇ ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ! ತಿಂಗಳ ಮೇಂಟೆನೆನ್ಸ್ ಎಷ್ಟು ಬರಬಹುದು ಅಂತಲೂ ಕೇಳು. ಪಗಡಿ ಬಾಡಿಗೆ ಒಂದು ಊಟದ ದುಡ್ಡಿಗಿಂತ ಕಮ್ಮಿ ಕೊಟ್ಟು ರೂಢಿ ಆದವರಿಗೆ ಆ ಬಿಲ್ಲು ನೋಡಿದರೆ ತಲೆ ತಿರುಗುತ್ತದೆ.

ಕೆಳಗಿನ ಮನೆಯ ಕಚ್ಛಿ ಹಿರಿಯಮ್ಮ, ಎಲ್ಲರೂ "ಬಾ" ಅಂತ ಕರೆಯುವವರು, ಅವರ ಹತ್ತಿರ ಬಿಲ್ಡಿಂಗಿನ ಹಳೇ ನಕ್ಷೆಯ ಒಂದು ಪ್ರತಿ ಉಂಟು. ಅವರ ಗಂಡ ಸೆಕ್ರೆಟರಿ ಆಗಿದ್ದಾಗಿನದ್ದು. ಪ್ಲಾಟಿನ ಗಡಿ ಎಲ್ಲಿ, ಎಷ್ಟು ಜಾಗ ಬಿಡಬೇಕಿತ್ತು ಅಂತ ಅದರಲ್ಲಿ ಕಾಣುತ್ತದೆ. ನೀನೇ ಹೋಗಿ ಕೇಳು. ಗುಜರಾತಿಯೋ ಮರಾಠಿಯೋ ನಾಲ್ಕು ಮಾತು ಆಡು, ಅವರಿಗೆ ಕನ್ನಡವೂ ಸ್ವಲ್ಪ ಬರುತ್ತದೆ, ನಿನ್ನ ಅಮ್ಮನೇ ಕಲಿಸಿದ್ದು. ಝೆರಾಕ್ಸ್ ಮಾಡಿಸಿ ಇಡು. ಮುಂದಿನ ಭಾನುವಾರ ಅಳಿಯಂದಿರು ಮನೆಯಲ್ಲಿರುತ್ತಾರಾದರೆ ನಾನು ಬೆಳಗ್ಗಿನ ಫಾಸ್ಟ್ ಲೋಕಲಿಗೆ ಬರುತ್ತೇನೆ. ಮೀಟಿಂಗು ಹನ್ನೊಂದಕ್ಕೆ ಅಂದೆಯಲ್ಲ? ಅಷ್ಟರವರೆಗೆ ಒಪ್ಪಿಗೆ ಪತ್ರ ನಿನ್ನ ಕಪಾಟಿನಲ್ಲೇ ಇರಲಿ.

ಇತಿ,
ನಿನ್ನ ದೊಡ್ಡಪ್ಪ