ಈ ವರ್ಷದಿಂದ ಯುಗಾದಿ ಗೊಬ್ಬರ ಇಲ್ಲ

ಪ್ರಿಯ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲು ಹೇಳಿಬಿಡುತ್ತೇವೆ, ಕಾರಣ ಆಮೇಲೆ. ನಮ್ಮ ದರಗಿನ (ಒಣ ಎಲೆಯ) ಗೊಬ್ಬರ ಇಷ್ಟು ದಿನ ವರ್ಷಕ್ಕೆ ಎರಡು ಸಲ ಬರುತ್ತಿತ್ತು. ದೀಪಾವಳಿ ಹೊತ್ತಿಗೆ ಒಂದು ಸಲ, ಯುಗಾದಿ ಹೊತ್ತಿಗೆ ಇನ್ನೊಂದು ಸಲ. ಇನ್ನು ಮೇಲೆ ದೀಪಾವಳಿಯದು ಮಾತ್ರ. ಮಾರ್ಚ್ ಶುರುವಾದ ಮೇಲೆ ಆಗಸ್ಟ್ ಮುಗಿಯುವ ತನಕ ನಮ್ಮ ಏಳು ಮನೆಯವರು ಯಾರೂ ಬೆಟ್ಟದಲ್ಲಿ ದರಗು ಗುಡಿಸುವುದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. 25 ಕೆಜಿ ಚೀಲದ ಬೆಲೆಯೂ 400 ರೂಪಾಯಿಯಿಂದ 450ಕ್ಕೆ ಏರಿದೆ. ಯುಗಾದಿಗೆ ಅಂತ ಮುಂಗಡ ಕೊಟ್ಟವರು ಹಣ ವಾಪಸ್ ಕೇಳಬಹುದು, ಇಲ್ಲವೇ ದೀಪಾವಳಿಗೆ ಚೀಲ ತೆಗೆದುಕೊಳ್ಳಬಹುದು. ಯಾವುದಾದರೂ ಸರಿ, ನಮಗೆ ಬೇಸರವಿಲ್ಲ.

ವ್ಯಾಪಾರದ ಮಾತು ಇಷ್ಟೇ. ಉಳಿದದ್ದು ಹಾವಿನ ಕಥೆ. ಅದಕ್ಕಿಂತ ಜಾಸ್ತಿ, ಹಾವಿನ ಹಿಂದೆ ಅಲೆಯುವ ಜನರ ಕಥೆ. ಪುರುಸೊತ್ತಿದ್ದರೆ ಓದಿ.

ದರಗು ಅಂದರೆ ಒಣಗಿ ಬಿದ್ದ ಎಲೆ, ಪೇಟೆಯಲ್ಲಿ ತರಗೆಲೆ ಅನ್ನುತ್ತೀರಿ. ಮಲೆನಾಡಿನ ಅಡಿಕೆ ತೋಟ ನಿಂತಿರುವುದೇ ಅದರ ಮೇಲೆ. ಚಳಿ ಮುಗಿಯುತ್ತಾ ಬಂದಾಗ ಸೊಪ್ಪಿನಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ದರಗು ತರುವ ಕಾಡಿನಲ್ಲಿ, ಎಲೆ ಉದುರುತ್ತದೆ. ಗುಡಿಸಿ, ಹಗ್ಗದ ಕಲ್ಲಿಯಲ್ಲಿ (ಬಲೆಯಂಥ ಚೀಲದಲ್ಲಿ) ತುಂಬಿ, ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತೇವೆ. ದನ ತುಳಿದು, ಸಗಣಿ ಗಂಜಲ ಸೇರಿ, ಗುಂಡಿಯಲ್ಲಿ ಕೊಳೆತು ಗೊಬ್ಬರವಾಗುತ್ತದೆ. ನಮ್ಮ ಅಜ್ಜಂದಿರು ಮಾಡಿದ್ದೂ ಇದನ್ನೇ. ಆದರೆ ಅವರು ತಮ್ಮ ತೋಟಕ್ಕಷ್ಟೇ ಗುಡಿಸುತ್ತಿದ್ದರು. ನಾವು ನಿಮ್ಮ ತಾರಸಿಯ ಕುಂಡಗಳಿಗೂ ಗುಡಿಸಲು ಹೊರಟೆವು. ಹಾಗಾಗಿ ಜನವರಿಗೆ ಹಿಡಿದ ಕೆಲಸ ಮಳೆ ಬೀಳುವ ತನಕ ಎಳೆಯುತ್ತಿತ್ತು.

ಇದೇ ದರಗಿಗೆ ನಿಮ್ಮಂತೆ ಇನ್ನೊಬ್ಬ ಗಿರಾಕಿ ಇದೆ. ಕಾಳಿಂಗ ಸರ್ಪ. ಹೆಣ್ಣು ಕಾಳಿಂಗ ಬೇಸಿಗೆಯಲ್ಲಿ ಮೈಯ ಸುರುಳಿಯಿಂದಲೇ ದರಗನ್ನು ಎಳೆದೆಳೆದು ರಾಶಿ ಮಾಡುತ್ತದೆ. ಕೈಯಿಲ್ಲ, ಕಾಲಿಲ್ಲ, ಕೊಕ್ಕಿಲ್ಲ. ಆದರೂ ಹೀಗೆ ಎಲೆ ಕೂಡಿಸಿ ಗೂಡು ಕಟ್ಟುವ ಹಾವು ಅಂತ ಇರುವುದು ಇದೊಂದೇ. ಗೂಡು ಹೆಚ್ಚೂಕಡಿಮೆ ಮೊಣಕಾಲೆತ್ತರ ಬರುತ್ತದೆ. ಒಳಗೆ 20ರಿಂದ 40 ಮೊಟ್ಟೆ. ಎಲೆ ಕೊಳೆಯುವ ಕಾವೇ ಮೊಟ್ಟೆಗೆ ಕಾವು. ನಮ್ಮ ಗೊಬ್ಬರದ ಗುಂಡಿಯ ಲೆಕ್ಕವೇ, ಅಲ್ವಾ? ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಆ ಮಳೆಗೂ ಮೊಟ್ಟೆ ನೆನೆಯದ ಹಾಗೆ ಎಲೆ ಒತ್ತಿಟ್ಟಿರುತ್ತದೆ ಅದು. ಮರಿ ಹೊರಬರಲು ಎರಡೂವರೆ ಮೂರು ತಿಂಗಳು ಬೇಕು. ಅಷ್ಟು ಕಾಲವೂ ಹೆಚ್ಚುಕಡಿಮೆ ತಾಯಿ ಗೂಡನ್ನು ಕಾಯುತ್ತದೆ, ಮರಿಗಳು ಬರುವ ಮೊದಲು ಬಿಟ್ಟು ಹೋಗುತ್ತದೆ.

ಇದೆಲ್ಲ ನಮಗೆ ಮೊದಲು ಗೊತ್ತಿರಲಿಲ್ಲ. ಕಾಳಿಂಗವನ್ನು ಕೊಲ್ಲಬಾರದು ಅನ್ನುವುದು ಗೊತ್ತಿತ್ತು, ಕೈ ಮುಗಿಯುವುದೂ ಗೊತ್ತಿತ್ತು. ಗೂಡು ಹೇಗಿರುತ್ತದೆ ಅಂತ ಮಾತ್ರ ಕಂಡಿರಲಿಲ್ಲ.

ಕಂಡದ್ದು ಮೂರು ವರ್ಷದ ಹಿಂದೆ, ಕಾಣಬಾರದ ರೀತಿಯಲ್ಲಿ. ಮೇ ತಿಂಗಳು. ಬಿದಿರು ಹಿಂಡಿಲಿನ (ಮೆಳೆಯ) ಹತ್ತಿರ ಒಳ್ಳೆಯ ದರಗಿನ ಗುಪ್ಪೆ ಸಿಕ್ಕಿತು ಅಂತ ನಮ್ಮವರು ಖುಷಿಯಲ್ಲಿ ಕಲ್ಲಿಗೆ ತುಂಬಿದರು. ಅಂಗಳದಲ್ಲಿ ಕೊಡವಿದಾಗ ಬಿಳಿ ಮೊಟ್ಟೆಗಳು ಉರುಳಿದವು. ಕೋಳಿ ಮೊಟ್ಟೆಗಿಂತ ಉದ್ದ, ಮುಟ್ಟಿದರೆ ಮೆತ್ತಗೆ. ತಾಯಿ ಹಾವು ಗದ್ದಲಕ್ಕೆ ಸರಿದು ಹತ್ತಿರದಲ್ಲೇ ಎಲ್ಲೋ ಇದ್ದಿರಬೇಕು. ಯಾರಿಗೂ ಏನೂ ಆಗಲಿಲ್ಲ, ಅದು ಪುಣ್ಯ. ಏನು ಮಾಡುವುದು ಗೊತ್ತಾಗದೆ, ಅಲ್ಲೇ ಕಾಡಿನ ಅಂಚಿನಲ್ಲಿ ಹಾವಿನ ಅಧ್ಯಯನ ಮಾಡುವ ಒಂದು ಸಣ್ಣ ಸಂಸ್ಥೆಗೆ ಫೋನ್ ಮಾಡಿದೆವು.

ಬೈಗುಳಕ್ಕೆ ತಯಾರಾಗಿ ಕೂತಿದ್ದೆವು. ಜೀಪಿನಲ್ಲಿ ಬಂದ ಮೂವರೂ ಬೈಯಲಿಲ್ಲ. ಅರಣ್ಯ ಇಲಾಖೆಯವರು ಬರುವ ತನಕ ಮೊಟ್ಟೆ ಮುಟ್ಟುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ ಅಂದರು. ಗಾರ್ಡ್ ಬಂದ ಮೇಲೆ ಎಲ್ಲರೂ ಸೇರಿ ಮೊಟ್ಟೆಗಳನ್ನು ಅದೇ ಜಾಗಕ್ಕೆ ಹೊತ್ತು, ದರಗು ಮುಚ್ಚಿ ಬಂದರು. ಕಾವು ಅಳೆಯುವ ಒಂದು ಸಣ್ಣ ಯಂತ್ರವನ್ನೂ ಒಳಗಿಟ್ಟರು. ಆಗಸ್ಟ್ ತನಕ ವಾರಕ್ಕೆರಡು ಸಲ ಆ ಮಳೆಯಲ್ಲಿ ಬಂದು ನೋಡಿ ಹೋಗುತ್ತಿದ್ದರು. ಒಂದು ಮರಿಯೂ ಆಗಲಿಲ್ಲ.

ಆ ವರ್ಷ ನಾವು ಆ ಗೊಬ್ಬರವನ್ನು ಮಾರಿದ್ದೇವೆ. ನಿಮ್ಮಲ್ಲಿ ಕೆಲವರು ಕೊಂಡಿದ್ದೀರಿ. ಈಗ ಹೇಳುತ್ತಿದ್ದೇವೆ.

ಆ ಓಡಾಟದಲ್ಲಿ ಪರಿಚಯ ಬೆಳೆಯಿತು. ಕಾಡುಪ್ರಾಣಿ ಸಂಸ್ಥೆ ಅಂದರೆ ದೊಡ್ಡ ಕ್ಯಾಮೆರಾ, ಹಸಿರು ಅಂಗಿ, ಇಂಗ್ಲಿಷ್ ಮಾತು ಅಂತ ನಮ್ಮ ತಲೆಯಲ್ಲಿತ್ತು. ಇಲ್ಲಿ ಇದ್ದದ್ದು ಆರೇ ಜನ.

ಒಬ್ಬ ನಮ್ಮ ಪಕ್ಕದ ಊರಿನವನೇ. ಮೊದಲು ಕೊನೆಗೌಡನಾಗಿದ್ದ, ನಮ್ಮ ತೋಟದಲ್ಲೇ ಅಡಿಕೆ ಕೊನೆ ಇಳಿಸುತ್ತಿದ್ದ. ಈಗ ಹಾವು ಹುಡುಕುತ್ತಾನೆ. ಓದಿದವರು ನಕ್ಷೆ ಬಿಡಿಸುವಷ್ಟರಲ್ಲಿ ಇವನು ‘ಅಲ್ಲಿದೆ’ ಅಂತ ಕೈ ತೋರಿಸಿರುತ್ತಾನೆ. ಇನ್ನೊಬ್ಬಳು ಹಾವೇರಿ ಕಡೆಯ ಹುಡುಗಿ. ಬಂದ ಹೊಸದರಲ್ಲಿ ಇಂಬಳ (ಜಿಗಣೆ) ಕಂಡರೆ ಕೂಗುತ್ತಿದ್ದಳಂತೆ. ಈಗ ಮಾತಾಡುತ್ತಲೇ ಕಾಲಿಂದ ಕಿತ್ತು ಎಸೆಯುತ್ತಾಳೆ, ಮಾತು ನಿಲ್ಲುವುದಿಲ್ಲ.

ನಮಗೆ ಎಲ್ಲರಿಗಿಂತ ಹಿಡಿಸಿದ್ದು ಅಡುಗೆ ಅಕ್ಕ. ಸಂಸ್ಥೆಯ ಫೋನ್ ಇರುವುದು ಅಡುಗೆಮನೆ ಪಕ್ಕ. ಹುಡುಗರೆಲ್ಲ ಸಿಗ್ನಲ್ ಇಲ್ಲದ ಕಾಡಿನಲ್ಲಿರುವಾಗ ‘ಮನೆಗೆ ಹಾವು ಬಂದಿದೆ’ ಅಂತ ಕರೆ ಬಂದರೆ ಎತ್ತುವವರು ಅವರೇ. ಎಲ್ಲಿದೆ, ಮಕ್ಕಳು ಎಲ್ಲಿದ್ದಾರೆ, ನಾಯಿ ಕಟ್ಟಿದ್ದೀರಾ, ಎಲ್ಲರೂ ದೂರ ನಿಂತು ಒಬ್ಬರು ಮಾತ್ರ ನೋಡುತ್ತಿರಿ. ಒಂದು ಕೈಯಲ್ಲಿ ಸೌಟು ಹಿಡಿದೇ ಇಷ್ಟೂ ಹೇಳುತ್ತಾರೆ. ಎಷ್ಟೋ ಸಲ ಜೀಪು ಹೊರಡುವ ಮೊದಲೇ ಹಾವು ತನ್ನ ಪಾಡಿಗೆ ಹೋಗಿರುತ್ತದೆ.

ಜೀಪು ಹೋದರೂ ಹಿಡಿಯುವುದು ಕೊನೆಯ ಮಾತು. ನಾವು ಒಮ್ಮೆ ಜೊತೆಗೆ ಹೋಗಿದ್ದೆವು. ಹಾವು ಸೌದೆ ಕೊಟ್ಟಿಗೆಯಲ್ಲಿತ್ತು, ಒಂದು ಕೇರೆ ಹಾವನ್ನು ಅಟ್ಟಿಸಿಕೊಂಡು ಬಂದದ್ದು. ಕಾಳಿಂಗದ ಊಟ ಬೇರೆ ಹಾವುಗಳೇ. ಇವರು ಜಗಲಿಯಲ್ಲಿ ಕೂತು ಮನೆಯವರ ಜೊತೆ ಕಾಫಿ ಕುಡಿದರು, ಮಾತಾಡಿದರು, ಒಂದೂವರೆ ಗಂಟೆ ಕಾದರು. ಹಾವು ಬಂದ ದಾರಿಯಲ್ಲೇ ಹೋಯಿತು. ಹೋಗದಿದ್ದರೆ ಮಾತ್ರ ಚೀಲಕ್ಕೆ ಪೈಪ್ ಕಟ್ಟಿ ಇಡುತ್ತಾರೆ. ಕತ್ತಲೆಯ ಬಿಲ ಅಂದುಕೊಂಡು ಹಾವು ತಾನಾಗಿ ಒಳಗೆ ಹೋಗುತ್ತದೆ. ಬಾಲ ಹಿಡಿದು ಎತ್ತಿ ವಿಡಿಯೋ ಮಾಡಿಸಿಕೊಳ್ಳುವ ಶೂರರು ಇದನ್ನು ಸ್ವಲ್ಪ ನೋಡಬೇಕು. ಹಿಡಿದರೂ ದೂರ ಒಯ್ಯುವುದಿಲ್ಲ, ಹತ್ತಿರದ ಕಾಡಲ್ಲೇ ಬಿಡುತ್ತಾರೆ.

ಹತ್ತಿರದಲ್ಲೇ ಯಾಕೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ರೊಮುಲಸ್ ವಿಟೇಕರ್ 1971ರಲ್ಲಿ ಆಗುಂಬೆಗೆ ಬಂದು ಕಾಳಿಂಗವನ್ನು ಕಂಡವರು. ಮದ್ರಾಸಿನಲ್ಲಿ ಹಾವಿನ ಉದ್ಯಾನ ಕಟ್ಟಿದವರೂ ಅವರೇ, 1978ರಲ್ಲಿ ತಮಿಳುನಾಡಿನ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ ಶುರುವಾಗಲು ದುಡಿದವರೂ ಅವರೇ. 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸ್ಥಾಪಿಸಿದರು. 2008ರಿಂದ ಅಲ್ಲಿ ಕಾಳಿಂಗಗಳ ಮೈಯೊಳಗೆ ಸಣ್ಣ ರೇಡಿಯೊ ಇಟ್ಟು ಹಿಂಬಾಲಿಸಿದರು. ಆಂಟೆನಾ ಹಿಡಿದು ‘ಬೀಪ್’ ಸದ್ದು ಕೇಳುತ್ತಾ ಬೆಳಗಿನಿಂದ ಕತ್ತಲಾಗುವ ತನಕ ಒಂದು ಹಾವಿನ ಹಿಂದೆ ನಡೆಯುವ ಕೆಲಸ. ಆ ಹಾವು ಮೂರು ದಿನ ಒಂದೇ ಬಿಲದಲ್ಲಿ ಮಲಗಿದರೆ ಇವರೂ ಮೂರು ದಿನ ಬಿಲದ ಎದುರು. ಹೀಗೆ ನಡೆದದ್ದರಿಂದಲೇ ಗೊತ್ತಾಯಿತು, ದೂರ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಬೇಕಾಬಿಟ್ಟಿ ಅಲೆಯುತ್ತದೆ ಅಂತ.

ಇನ್ನೊಂದು ವಿಷಯ ಹೇಳಲೇಬೇಕು, ಕನ್ನಡದವರಿಗೆ ಖುಷಿಯಾಗುವಂಥದ್ದು. 1836ರಿಂದ ಕಾಳಿಂಗಕ್ಕೆ ಒಂದೇ ಜಾತಿಯ ಲೆಕ್ಕ ಇತ್ತು, ನಮ್ಮಲ್ಲಿಯದೂ ಇಂಡೊನೇಷ್ಯಾದ್ದೂ ಒಂದೇ ಅಂತ. ಹಾವುಗಳ ಸಂಶೋಧಕ ಪಿ. ಗೌರಿಶಂಕರ್ ಅವರಿಗೆ ಒಮ್ಮೆ ಕಾಳಿಂಗ ಕಚ್ಚಿತ್ತು. ಥಾಯ್ಲೆಂಡಿನಲ್ಲಿ ಅಲ್ಲಿಯ ಕಾಳಿಂಗಕ್ಕೆ ಅಂತ ಮಾಡಿದ ಪ್ರತಿವಿಷ ಸರಿಯಾಗಿ ಕೆಲಸ ಮಾಡಲಿಲ್ಲ. ಹಾಗಾದರೆ ಎರಡೂ ಒಂದೇನಾ ಅನ್ನುವ ಪ್ರಶ್ನೆ ಅವರನ್ನು ಬಿಡಲಿಲ್ಲ. ವರ್ಷಗಟ್ಟಲೆ ಡಿಎನ್‌ಎ ನೋಡಿ, ಮ್ಯೂಸಿಯಮ್ಮಿನ ಹಳೇ ಹಾವುಗಳ ಮೈಮೇಲಿನ ಪಟ್ಟೆ ಎಣಿಸಿ, ಅವರು ಮತ್ತು ಜೊತೆಗಾರರು 2024ರಲ್ಲಿ ಇದು ನಾಲ್ಕು ಜಾತಿ ಅಂತ ತೋರಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಒಫಿಯೊಫೇಗಸ್ ಕಾಳಿಂಗ. ನಮ್ಮ ಅಜ್ಜಿ ಕರೆಯುತ್ತಿದ್ದ ಹೆಸರೇ ಈಗ ವಿಜ್ಞಾನದ ಹೆಸರು.

ನಮ್ಮ ಪರಿಚಯದ ಆರು ಜನರ ಹೆಸರು ಅಷ್ಟು ದೊಡ್ಡದಲ್ಲ. ಈ ಪತ್ರದಲ್ಲೂ ಹಾಕಬೇಡಿ ಅಂದರು. ಚೀಲದ ಮೇಲೆ ಹಾವಿನ ಚಿತ್ರ ಹಾಕೋಣ, ಚೀಲಕ್ಕೆ ಇಷ್ಟು ಅಂತ ನಿಮಗೆ ಕೊಡುತ್ತೇವೆ ಅಂದರೆ ಅದಕ್ಕೂ ಬೇಡ. ಹಣ ಬೇಡ ಅಂತಲ್ಲ. ಹಣಕ್ಕೆ ಎಷ್ಟು ಒದ್ದಾಡುತ್ತಾರೆ ಅಂತ ಅವರ ಲೆಕ್ಕ ನೋಡುವ ಹಿರಿಯರಿಂದ ಕೇಳಿದ್ದೇವೆ. ಬ್ಯಾಂಕಿನಿಂದ ನಿವೃತ್ತರಾದ ಅವರು ಪ್ರತಿ ಶನಿವಾರ ಬಸ್ಸಿನಲ್ಲಿ ಬಂದು ರಸೀದಿಗಳ ಜೊತೆ ಜಗಳ ಆಡುತ್ತಾರೆ. ಹೊರದೇಶದ ದೇಣಿಗೆ ತೆಗೆದುಕೊಳ್ಳುವ ಯಾವ ಸಂಸ್ಥೆಯೂ ಅದರಲ್ಲಿ 20 ಪರ್ಸೆಂಟಿಗಿಂತ ಜಾಸ್ತಿ ಆಡಳಿತದ ಖರ್ಚಿಗೆ ಬಳಸುವ ಹಾಗಿಲ್ಲ. 2020ಕ್ಕೆ ಮೊದಲು ಅದು 50 ಇತ್ತು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದು ಶಾಖೆಗೆ ಬಂದು ಆಮೇಲೆ ಇಲ್ಲಿಗೆ ಬರಬೇಕು. ದಾನಿಗಳೂ ಹಾಗೇ. ಹಾವಿನೊಳಗಿಡುವ ರೇಡಿಯೊಗೆ ಹಣ ಕೊಡುತ್ತಾರೆ, ಅಡುಗೆ ಅಕ್ಕನ ಸಂಬಳಕ್ಕೆ ಕೊಡುವವರು ಕಡಿಮೆ. ಫೋನ್ ಎತ್ತುವವರು ಯಾರು ಅಂತ ಯಾರೂ ಕೇಳುವುದಿಲ್ಲ.

ಸರಿ, ನಮ್ಮ ತೀರ್ಮಾನಕ್ಕೆ ಬರೋಣ. ಅದು ಸುಲಭವಾಗಿ ಆಗಲಿಲ್ಲ. ನಾಲ್ಕು ಸಲ ಜಗಲಿಯಲ್ಲಿ ಕೂತಿದ್ದೇವೆ. ‘ಹಾವಿಗೋಸ್ಕರ ಅರ್ಧ ವ್ಯಾಪಾರ ಬಿಡಬೇಕಾ?’ ಅಂತ ಒಂದು ಮನೆಯವರು ಎದ್ದೇ ಹೋದರು. ಸಂಸ್ಥೆಯವರನ್ನು ಕರೆದು ಹಾವಿನ ಭಯ ಹೇಳಿಸೋಣ ಅಂದುಕೊಂಡೆವು. ಅವರು ಒಪ್ಪಲಿಲ್ಲ. ಕಾಳಿಂಗ ಮನುಷ್ಯನಿಗೆ ಕಚ್ಚುವುದು ತೀರಾ ಅಪರೂಪ, ಹೆದರಿಸಿ ಒಪ್ಪಿಸಿದರೆ ನಾಳೆ ಜನ ಕೋಲು ಹಿಡಿಯುತ್ತಾರೆ ಅಂದರು. ಬದಲಿಗೆ ನಿಜ ಹೇಳಿದರು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ. ಕಾಳಿಂಗಕ್ಕೆ ಇಲ್ಲ. ದರಗಿನ ಬಣ್ಣದಲ್ಲೇ ದರಗಿನೊಳಗೆ ಮಲಗುವ, ಮೂಗಿನ ತುದಿ ಮೇಲಕ್ಕೆ ಎದ್ದ ಒಂದು ಸಣ್ಣ ವಿಷದ ಹಾವಿದೆ, ಅದಕ್ಕೂ ಇಲ್ಲ. ನೀವು ಚಿಂತೆ ಮಾಡಬೇಕಾದ್ದು ಇದರದ್ದು ಅಂದರು.

ಮಾತು ಮುಗಿಸಿದ್ದು ಗುಡಿಸುವ ಹೆಂಗಸರು. ‘ದರಗಿಗೆ ಕೈ ಹಾಕುವವರು ನಾವು, ನೀವಲ್ಲ’ ಅಂದರು. ಎದ್ದು ಹೋದ ಮನೆಯವರೂ ವಾಪಸ್ ಬಂದರು.

50 ರೂಪಾಯಿ ಜಾಸ್ತಿ ಮಾಡಿದ್ದು ಗುಡಿಸುವ ಹೆಂಗಸರಿಗಾಗಿ. ಮಾರ್ಚ್‌ನಿಂದ ಮೇ ತನಕ ಅವರಿಗೆ ತಪ್ಪುವ ಕೂಲಿಯ ಬದಲು ತೋಟದಲ್ಲೇ ಕೆಲಸ ಕೊಡುತ್ತೇವೆ. ಬಾಳೆ, ಅಡಿಕೆ ಹಾಳೆ ಕತ್ತರಿಸಿ ಗೊಬ್ಬರ ಮಾಡುವ ಪ್ರಯತ್ನ ನಡೆದಿದೆ. ಸರಿಯಾಗಿ ಬಂದರೆ ಮಾತ್ರ ನಿಮಗೆ ಕಳಿಸುತ್ತೇವೆ, ಹೆಸರು ಬೇರೆ ಇರುತ್ತದೆ. ಎಲ್ಲರಿಗೂ ಗಂಬೂಟು, ಉದ್ದ ಹಿಡಿಯ ಬಿದಿರಿನ ಹಲ್ಲುಕೋಲು ತಂದಿದ್ದೇವೆ. ಬಿದಿರು ಹಿಂಡಿಲುಗಳ ಸುತ್ತ ಜನವರಿಯಲ್ಲೂ ಗುಡಿಸುವುದಿಲ್ಲ, ಆ ದರಗು ಬಿದ್ದಲ್ಲೇ ಇರುತ್ತದೆ.

ಒಂದು ಕೋರಿಕೆ. ಗೂಡು ಎಲ್ಲಿದೆ ಅಂತ ದಯವಿಟ್ಟು ಕೇಳಬೇಡಿ. ಹೋದ ವರ್ಷ ಒಬ್ಬ ಗ್ರಾಹಕರು ಕ್ಯಾಮೆರಾ ಹಿಡಿದು ಬಂದೇಬಿಟ್ಟಿದ್ದರು. ಊಟ ಹಾಕಿ, ತೋಟ ತೋರಿಸಿ ಕಳಿಸಿದೆವು. ನೀವು ಬಂದರೂ ಅಷ್ಟೇ ಸಿಗುತ್ತದೆ.

ದೀಪಾವಳಿ ಚೀಲಕ್ಕೆ ಹೆಸರು ಬರೆಸುವವರು ಸೆಪ್ಟೆಂಬರ್ 15ರೊಳಗೆ ಚೀಲದ ಮೇಲಿನ ನಂಬರಿಗೆ ತಿಳಿಸಿ. ಈ ಸಲ ಮನೆಗೆ ನಾಲ್ಕು ಚೀಲಕ್ಕಿಂತ ಜಾಸ್ತಿ ಕೊಡಲಾಗುವುದಿಲ್ಲ. ಹಳೇ ಖಾಲಿ ಚೀಲ ವಾಪಸ್ ಕಳಿಸಿದರೆ ಎಂದಿನಂತೆ 10 ರೂಪಾಯಿ ಕಳೆಯುತ್ತೇವೆ.

ಇಂತಿ,
ಗೊಬ್ಬರದ ಏಳು ಮನೆಯವರು
ತೀರ್ಥಹಳ್ಳಿ ತಾಲ್ಲೂಕು