ಸ್ಟಾರ್ಟ್ ಬಟನ್ ಎಡಗಡೆಯೇ ಇರಲಿ ಬಿಡಿ

ಮಾನ್ಯ ಸಂಪಾದಕರೇ,

ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್, ಟೈಪಿಂಗ್ ಅಂಗಡಿ ಇದೆ. ಬಾಡಿಗೆ ಕರಾರು, ಅರ್ಜಿ, ಬಯೋಡೇಟಾ, ಸೀಸನ್ ಬಂದರೆ ಲಗ್ನಪತ್ರಿಕೆ ಮ್ಯಾಟರ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಅಂತ ಎಲ್ಲರೂ ಹೆದರಿಸಿದ ಮೇಲೆ ನಾನೂ 11 ಇರುವ ಹೊಸ ಕಂಪ್ಯೂಟರ್ ತಂದೆ. ಹಳೆಯದು ಚೆನ್ನಾಗಿಯೇ ಓಡುತ್ತಿತ್ತು, ಆದರೆ ಅದರ ಪ್ರೊಸೆಸರ್ 11ಕ್ಕೆ ನಡೆಯಲ್ಲವಂತೆ. ಆ ಖರ್ಚಿನ ಕತೆ ಇನ್ನೊಮ್ಮೆ ಬರೀತೀನಿ.

ಮೊದಲ ದಿನವೇ ಮುಂಡರಗಿ ಕಡೆಯ ಹಿರಿಯರೊಬ್ಬರು ಅರ್ಜಿ ಮಾಡಿಸಲು ಬಂದಿದ್ದರು. ನನ್ನ ಕೈ ತಾನಾಗೇ ಮೌಸನ್ನು ಎಡಗಡೆ ಕೆಳಗಿನ ಮೂಲೆಗೆ ಒಯ್ಯಿತು. ಅಲ್ಲಿ ಸ್ಟಾರ್ಟ್ ಬಟನ್ ಇಲ್ಲ! ಹವಾಮಾನದ ಚಿತ್ರ ಇದೆ. ಬಾಣ ಅದಕ್ಕೆ ತಾಗಿದ್ದೇ ತಡ, ಅರ್ಧ ಪರದೆ ತುಂಬ ಸುದ್ದಿ ಬಂದು ಕೂತಿತು. ಬೆಟಗೇರಿಯಲ್ಲಿ ಬಿಸಿಲು ಎಷ್ಟಿದೆ ಅಂತ ಅಂಗಡಿ ಬಾಗಿಲಿಗೆ ಬಂದರೆ ನನಗೇ ಗೊತ್ತಾಗುತ್ತೆ, ಅಲ್ವಾ? ಅದನ್ನು ಮುಚ್ಚಿ ನಡುವೆ ಇರುವ ಬಟನ್ ಹುಡುಕಿದರೆ ಇನ್ನೊಂದು ಪ್ರೋಗ್ರಾಂ ತೆರೆದಾಗ ಅದೂ ಸ್ವಲ್ಪ ಎಡಕ್ಕೆ ಸರಿದಿರುತ್ತದೆ, ಒಂದು ಕಡೆ ನಿಲ್ಲೋದೇ ಇಲ್ಲ. "ಅಕ್ಕಾರ, ಹೊಸಾದು ಅಂತೀರಿ, ಹಳೇದಕಿಂತ ಸಾವಕಾಶ ಐತಲ್ರಿ, ನನ್ ಬಸ್ ಹೋಗ್ತೈತಿ" ಅಂದರು. ಕಂಪ್ಯೂಟರ್ ಜೋರಾಗೇ ಇದೆ, ತಡವರಿಸುತ್ತಿದ್ದವಳು ನಾನು ಅಂತ ಅವರಿಗೆ ಹೇಗೆ ಹೇಳಲಿ?

ವಿಂಡೋಸ್ ಮಾಡುವ ಮೈಕ್ರೋಸಾಫ್ಟ್‌ನವರಿಗೆ ಇದೇನು ಹೊಸ ಚಾಳಿ ಅಲ್ಲ. ಸ್ಟಾರ್ಟ್ ಬಟನ್ ಬಂದಿದ್ದು 1995ರಲ್ಲಿ. 2012ರ ವಿಂಡೋಸ್ 8ರಲ್ಲಿ ಅದನ್ನೇ ತೆಗೆದರು, ಜನ ಗೊಣಗಿದ ಮೇಲೆ ಮರುವರ್ಷ 8.1ರಲ್ಲಿ ತಂದಿಟ್ಟರು. 11 ಬಂದಿದ್ದು 2021ರಲ್ಲಿ, ಆಗ ರೈಟ್ ಕ್ಲಿಕ್ ಮೆನುವಿನ ಕಟ್, ಕಾಪಿ, ರಿನೇಮ್ ಎಲ್ಲ ಬರೀ ಸಣ್ಣ ಚಿತ್ರಗಳಾದವು. ಆ ಚಿತ್ರಗಳಿಗೆ ಮತ್ತೆ ಹೆಸರು ಬರೆಯಲು 2024ರ ಅಪ್‌ಡೇಟ್ ಬರಬೇಕಾಯಿತು. ಮೊದಲು ಕಿತ್ತುಕೊಳ್ಳೋದು, ಆಮೇಲೆ ಹೊಸ ಸೌಲಭ್ಯ ಅಂತ ವಾಪಸ್ ಕೊಡೋದು. ಭದ್ರತೆಗೆ ಒಳಗೆ ಏನು ಬೇಕಾದರೂ ಬದಲಿಸಲಿ, ಬೇಡ ಅನ್ನಲ್ಲ. ಆದರೆ ಬಾಗಿಲಿಗೆ ಗಟ್ಟಿ ಕೀಲಿ ಹಾಕಿಸೋಕೆ ಅಡುಗೆಮನೆ ಡಬ್ಬಿಗಳನ್ನೆಲ್ಲ ಯಾಕೆ ಅದಲುಬದಲು ಮಾಡಬೇಕು?

ಕನ್ನಡ ಟೈಪ್ ಮಾಡುವ ನಮ್ಮ 'ನುಡಿ' ತಂತ್ರಾಂಶದ ಕೀಬೋರ್ಡ್ ನೋಡಿ. ಕೆ.ಪಿ. ರಾವ್ ಅವರು ಹಾಕಿಕೊಟ್ಟ ಅಕ್ಷರಗಳ ಜಾಗವನ್ನೇ ಅದು ಬಹುಪಾಲು ಇಟ್ಟುಕೊಂಡಿದೆ. ಅದಕ್ಕೇ ನಾನು ಗಿರಾಕಿಯ ಮುಖ ನೋಡುತ್ತಾ, ಮಾತಾಡುತ್ತಾ ಟೈಪ್ ಮಾಡ್ತೀನಿ. ಯಾರೋ ಒಬ್ಬರು ಸುಮ್ನೆ ಅಂದ ಕಾಣಲಿ ಅಂತ 'ಕ' ಮತ್ತು 'ಮ' ಜಾಗ ಬದಲಿಸಿದ್ದರೆ ಅಂಗಡಿ ಮುಚ್ಚಬೇಕಿತ್ತು.

ಕೊನೆಗೆ ದಾರಿ ತೋರಿಸಿದ್ದು ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗ. ಕೆಳಗಿನ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋದರೆ ವಿಜೆಟ್ಸ್, ಅಂದರೆ ಆ ಹವಾಮಾನದ ಚಿತ್ರ, ಆಫ್ ಮಾಡಬಹುದು, ಅಲ್ಲೇ ಕೆಳಗೆ ಅಲೈನ್‌ಮೆಂಟ್‌ನಲ್ಲಿ 'ಲೆಫ್ಟ್' ಆರಿಸಿದರೆ ಬಟನ್ ಮತ್ತೆ ಮೂಲೆಗೆ ಬರುತ್ತೆ. ಫೈಲ್ ಆರಿಸಿಕೊಂಡು ಶಿಫ್ಟ್ ಜೊತೆ ಎಫ್10 ಒತ್ತಿದರೆ ಹಳೆಯ ಉದ್ದ ಮೆನು. ಇಷ್ಟಕ್ಕೆ ಅವನಿಗೆ ಎರಡು ನಿಮಿಷ ಹಿಡಿಯಿತು, ನಾನು ನಾಲ್ಕು ದಿನ ಒದ್ದಾಡಿದ್ದೆ.

ಹಾಗಾಗಿ ಗದಗ, ಹುಬ್ಬಳ್ಳಿ ಕಡೆ ಕಂಪ್ಯೂಟರ್ ಮಾರುವವರಿಗೆ, ರಿಪೇರಿ ಮಾಡುವವರಿಗೆ ನನ್ನದೊಂದೇ ವಿನಂತಿ. ಹೊಸದನ್ನು ಹಾಕಿಕೊಟ್ಟು ದುಡ್ಡು ಎಣಿಸಿಕೊಂಡು ಎದ್ದು ಹೋಗಬೇಡಿ. "ಸ್ಟಾರ್ಟ್ ಬಟನ್ ಎಲ್ಲಿ ಬೇಕ್ರಿ?" ಅಂತ ಒಂದು ಮಾತು ಕೇಳಿ, ಆ ಎರಡು ನಿಮಿಷದ ಕೆಲಸ ಮುಗಿಸಿಯೇ ಹೋಗಿ. ಚಹಾ ನಾನೇ ತರಿಸ್ತೀನಿ.

— ಟೈಪಿಂಗ್ ಅಂಗಡಿಯ ಓದುಗಿ, ಗದಗ-ಬೆಟಗೇರಿ