ತಲೆಕೆಳಗಾದ ಅವರೆಕಾಳು

ಪುಟ್ಟೀ,

ದಸರಾ ರಜೆಗೆ ಅಜ್ಜಿ ಊರಿನ ಬಸ್ಸು ಹತ್ತುವಾಗಲೂ ನಿನಗೆ ಒಂದೇ ಚಿಂತೆ. ಗಾಜಿನ ಲೋಟದಲ್ಲಿಟ್ಟ ಮೂರು ಅವರೆಕಾಳಿನಲ್ಲಿ ಒಂದು ತಲೆಕೆಳಗಾಗಿದೆ, ಅದರ ಬೇರು ಮೇಲಕ್ಕೆ ಹೋಗಿಬಿಟ್ಟರೆ ಏನಮ್ಮಾ ಗತಿ ಅಂತ. ಸರಿ ಮಾಡಿಡುತ್ತೇನೆ ಅಂದಿದ್ದೆ. ಮಾಡಲಿಲ್ಲ ಕಣೇ. ಏನಾಗುತ್ತದೋ ನೋಡುವ ಆಸೆ ತಡೆಯಲಾಗಲಿಲ್ಲ.

ಮೂರನೇ ದಿನ ಬಿಳೀ ಕಲೆಯ ಪಕ್ಕದಲ್ಲಿ ಸಿಪ್ಪೆ ಬಿರಿಯಿತು. ಬೇರು ನೀನು ಹೆದರಿದಂತೆಯೇ ಮೇಲಕ್ಕೆ ಮೂತಿ ಹಾಕಿತು, ಅಕ್ಕಿಕಾಳಿನಷ್ಟು ಉದ್ದ. ಮರುದಿನ ಬೆಳಿಗ್ಗೆ ನೋಡಿದರೆ ಕೊಕ್ಕೆಯಂತೆ ಬಾಗಿ ಕೆಳಗೆ ಹೊರಟಿದೆ! ಬೇರಿನ ತುದಿಯ ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಹರಳುಗಳಿರುತ್ತವೆ. ಡಬ್ಬಿಯನ್ನು ಹೇಗೆ ತಿರುಗಿಸಿದರೂ ರಾಗಿ ಅಡಿಗೇ ಹೋಗಿ ಕೂರುತ್ತದಲ್ಲ, ಹಾಗೆ ಅವೂ ಕೆಳಗೆ ಜಾರುತ್ತವೆ. ಅವು ಕೂತ ಕಡೆಯೇ ಕೆಳಗು ಅಂತ ಬೇರಿಗೆ ಗೊತ್ತಾಗುತ್ತದೆ. ಆಮೇಲೆ ಮೇಲುಬದಿ ಬೇಗ, ಕೆಳಬದಿ ನಿಧಾನ ಬೆಳೆದು ತಾನಾಗಿ ಬಾಗುತ್ತದೆ. ಬೆಳಕೇ ಬೇಕಿಲ್ಲ, ಕತ್ತಲಲ್ಲೂ ಹೀಗೇ.

ಆರನೇ ದಿನ ಕಾಂಡ ಕತ್ತು ಬಗ್ಗಿಸಿಕೊಂಡು ಎದ್ದಿತು. ಮಣ್ಣಲ್ಲಾದರೆ ಆ ಬಾಗಿದ ಕತ್ತೇ ಮಣ್ಣು ಸೀಳುತ್ತದೆ, ಒಳಗಿನ ಎಳೆ ಚಿಗುರಿಗೆ ಪೆಟ್ಟಾಗುವುದಿಲ್ಲ. ಎರಡು ಬೇಳೆಯೂ ಜೊತೆಗೇ ಮೇಲೆ ಬಂದಿವೆ. ತೊಗರಿ, ಕಡಲೆಯಲ್ಲಿ ಬೇಳೆ ಮಣ್ಣೊಳಗೇ ಉಳಿದುಬಿಡುತ್ತದೆ. ಲೋಟದಲ್ಲಿರುವುದು ಬರೀ ನೀರು, ಇಷ್ಟು ಬೆಳೆಯಲು ಊಟ ಹಾಕಿದ್ದು ಆ ಬೇಳೆಗಳೇ. ಈಗ ಸುಕ್ಕುಗಟ್ಟುತ್ತಿವೆ. ಬಂದವಳೇ ಒಣಗಿದೆ ಅಂತ ಚಿವುಟಬೇಡ, ತಾವಾಗಿ ಉದುರಲಿ. ಮೇಲೆ ಒಂದು ಜೊತೆ ಎಲೆ ಬಿಚ್ಚಿದೆ, ಒಂಟೊಂಟಿ ಎಲೆ. ಮುಂದಿನವು ಮೂರು ಮೂರಾಗಿ ಬರುತ್ತವೆ.

ಅಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ ಇದೆಯಲ್ಲ, ಅಜ್ಜಿಯನ್ನು ಕೇಳಿ ಒಂದೇ ಒಂದು ಗಿಡವನ್ನು ಮಣ್ಣು ಸಮೇತ ಅಗೆದು ನೋಡು. ಬೇರಲ್ಲಿ ಪುಟ್ಟ ಗಂಟುಗಳಿರುತ್ತವೆ. ಉಗುರಲ್ಲಿ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುತ್ತಿವೆ ಅಂತ ಅರ್ಥ. ನಮ್ಮ ಲೋಟದ ಸಸಿಗೆ ಆ ಗಂಟು ಇಲ್ಲ. ಭಾನುವಾರ ಬರುವಾಗ ಆ ಸಾಲಿನದೇ ನಾಲ್ಕು ಹಿಡಿ ಮಣ್ಣು ತಾ, ಬ್ಯಾಕ್ಟೀರಿಯಾವೂ ಜೊತೆಗೇ ಬರುತ್ತದೆ. ಕುಂಡ ತೊಳೆದಿಟ್ಟಿದ್ದೇನೆ.

ತಲೆಕೆಳಗಾದದ್ದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಬೇರಿನ ಆ ತಿರುವು ಇನ್ನೂ ಹಾಗೇ ಇದೆ. ಅದನ್ನು ನೀನೇ ನೆಡಬೇಕು.

ನಿನ್ನ
ಅಮ್ಮ